ಬೇಟೆನಾಯಿಯ ಮೇಲಿನ ಗೋರಿ

ನಮ್ಮ ಅತ್ತಿಗೆ ಫಿದ್ದಾ ಮಾತುಗಾರ್ತಿಯಲ್ಲ. ಮನೆಗೆ ಬೇಕಾದಷ್ಟು ಮಾತನ್ನು ದೇವರು ನನ್ನೊಬ್ಬಳ ಬಾಯಿಗೇ ತುಂಬಿಸಿಬಿಟ್ಟಿದ್ದಾನೆ ಎಂದು ನಮ್ಮಣ್ಣ ಹಸ್ಸೂನ್ ಹೇಳುತ್ತಿದ್ದ. ಮದುವೆಯಾಗಿ ನಮ್ಮೂರು ಕಫ್ರ್ ತೀನಿಗೆ ಬಂದ ಮಾರನೆಯ ದಿನ ಅವಳು ಮನೆ ಗುಡಿಸಿದಳು, ಅಂಗಳ ಗುಡಿಸಿದಳು, ಅಂಗಳದಾಚೆ ಗೋಡೆ ಕುಸಿದು ಬಿದ್ದಿದ್ದ ಹಳೆಯ ಇಗರ್ಜಿಯೊಳಗೂ ನುಗ್ಗಿ ಗುಡಿಸಿ ಬಂದಳು. ಅದು ನಮ್ಮ ಮನೆಯಲ್ಲ ಕಣೇ, ರೋಮನರದು ಎಂದು ನಾನು ಹೊಟ್ಟೆ ಹಿಡಿದು ನಕ್ಕೆ. ಮಧ್ಯೆ ಬಾಗಿಲೇ ಇಲ್ಲವಲ್ಲ, ನಮ್ಮದೇ ಇರಬೇಕು ಅಂದುಕೊಂಡೆ ಎಂದಳು ಫಿದ್ದಾ.

ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನಮ್ಮ ಬೆಟ್ಟದಲ್ಲಿ ಯಾವ ಮನೆ ಎಲ್ಲಿ ಮುಗಿಯುತ್ತದೆ, ಹಾಳೂರು ಎಲ್ಲಿ ಶುರುವಾಗುತ್ತದೆ ಎಂದು ಗೆರೆ ಎಳೆಯಲು ಬರುವುದಿಲ್ಲ. ನಮ್ಮ ಆಡುಗಳನ್ನು ಕಟ್ಟುತ್ತಿದ್ದದ್ದು ಅವರ ಕಂಬಕ್ಕೆ. ಅಂಜೂರ ಒಣಗಿಸುತ್ತಿದ್ದದ್ದು ಅವರು ದ್ರಾಕ್ಷಿ ತುಳಿಯುತ್ತಿದ್ದ ಕಲ್ಲಿನ ತೊಟ್ಟಿಯಲ್ಲಿ. ನನ್ನ ಅಜ್ಜಿ ಹಿಟ್ಟು ನಾದುತ್ತಿದ್ದ ಕಲ್ಲಿನ ಮೇಲೆ ಯಾರೋ ಪಾದ್ರಿಯ ಹೆಸರು ಕೊರೆದಿತ್ತಂತೆ. ಅಜ್ಜಿಗೂ ಪಾದ್ರಿಗೂ ಅದರಿಂದ ಯಾವ ತೊಂದರೆಯೂ ಆಗಲಿಲ್ಲ.

ಹಸ್ಸೂನ್ ಆ ಹಾಳೂರಿನ ಸರ್ಕಾರಿ ಕಾವಲುಗಾರ. ಇಗರ್ಜಿಯ ನೆಲದಲ್ಲಿ ಒಂದು ಮೂಲೆಯಷ್ಟು ಉಳಿದಿತ್ತು, ಎರಡು ಚಾಪೆ ಹಾಸುವಷ್ಟು ಜಾಗ. ಬಣ್ಣಬಣ್ಣದ ಚಿಕ್ಕ ಕಲ್ಲುಗಳನ್ನು ಜೋಡಿಸಿ ಮಾಡಿದ ಚಿತ್ರ ಅದು. ದ್ರಾಕ್ಷಿ ಬಳ್ಳಿಯ ಕೆಳಗೆ ಒಂದು ಮೊಲ ಓಡುತ್ತದೆ, ಅದರ ಹಿಂದೆ ಕೆಂಪು ಪಟ್ಟಿಯ ಬೇಟೆನಾಯಿ. ಧೂಳು ಕೂತಾಗ ಎಲ್ಲವೂ ಒಂದೇ ಬೂದು ಬಣ್ಣ. ಆದರೆ ಯಾರಾದರೂ ನೋಡಲು ಬಂದರೆ ಅಣ್ಣ ಟೀ ಕೆಟಲ್ಲಿನಲ್ಲಿ ನೀರು ತಂದು ಮೆಲ್ಲಗೆ ಸುರಿಯುತ್ತಿದ್ದ, ನಾಯಿ ಕಣ್ಣು ಬಿಡುತ್ತಿತ್ತು. ಆಗ ಅವನು ಗಂಭೀರವಾಗಿ ಹೇಳುತ್ತಿದ್ದ: "ಸ್ವಲ್ಪ ಹಿಂದೆ ಸರೀರಿ, ನಾಯಿ ಈಗ ಮೈ ಕೊಡವುತ್ತೆ." ಬಂದವರು ನಿಜಕ್ಕೂ ಹಿಂದೆ ಸರಿಯುತ್ತಿದ್ದರು, ಆಮೇಲೆ ನಗುತ್ತಿದ್ದರು. ಫಿದ್ದಾ ಆ ತಮಾಷೆಯನ್ನು ಎಷ್ಟು ಸಲ ಕೇಳಿದ್ದಳೋ. ಆದರೂ ಪಕ್ಕದಲ್ಲಿದ್ದಾಗಲೆಲ್ಲ ಲಂಗದ ಅಂಚು ಹಿಡಿದುಕೊಂಡು ಒಂದು ಹೆಜ್ಜೆ ಹಿಂದೆ ಇಡುತ್ತಿದ್ದಳು. ಅಷ್ಟಕ್ಕೇ ಅಣ್ಣನಿಗೆ ಸ್ವರ್ಗ ಸಿಕ್ಕಷ್ಟು ಖುಷಿ. ಗಂಡಹೆಂಡಿರ ಈ ಆಟ ನೋಡಿ ನನಗೆ ಹೊಟ್ಟೆ ಉರಿಯುತ್ತಿತ್ತು. ನನ್ನ ಗಂಡ ಒಳ್ಳೆಯವನೇ, ಆದರೆ ಅವನಿಗೆ ತಮಾಷೆ ಬರುತ್ತಿರಲಿಲ್ಲ.

ಯುದ್ಧ ನಮ್ಮ ಬೆಟ್ಟ ಹತ್ತಿದ ಮೇಲೂ ಅಣ್ಣ ಸಂಬಳ ತರಲು ಕೆಳಗಿನ ಪೇಟೆಗೆ ಹೋಗುತ್ತಿದ್ದ. ಒಂದು ದಿನ ತನಿಖೆಯ ಕಟ್ಟೆಯಲ್ಲಿ ಸರ್ಕಾರಿ ಸೈನಿಕರು ಅವನನ್ನು ಬಸ್ಸಿನಿಂದ ಇಳಿಸಿಕೊಂಡರು. ಕಚೇರಿಯವರಿಗೆಂದು ಒಣ ಅಂಜೂರದ ಚೀಲ ಒಯ್ದಿದ್ದ, ಅದನ್ನು ಸೀಟಿನ ಮೇಲೆ ಬಿಟ್ಟು ಇಳಿದನಂತೆ, ಈಗ ಬಂದೆ ಎಂದು ಡ್ರೈವರನಿಗೆ ಹೇಳಿದನಂತೆ. ಚೀಲ ವಾಪಸು ಬಂತು. ಯಾವ ಸೆರೆಮನೆ, ಯಾವ ಊರು, ಯಾಕೆ, ಒಂದೂ ತಿಳಿಯಲಿಲ್ಲ.

ಫಿದ್ದಾ ಕಾಯುತ್ತ ಕೂತಳು. ಅವನ ಪಾಲಿನ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಟ್ಟು ಮಾರನೆಯ ದಿನ ತಾನು ತಿನ್ನುತ್ತಿದ್ದಳು. ಒಬ್ಬಳೇ ಮಗಳು ಮದುವೆಯಾಗಿ ಗಡಿಯಾಚೆ ಇದ್ದಳು, ಬಾ ಎಂದು ಕರೆದಳು, ಇವಳು ಹೋಗಲಿಲ್ಲ. ಒಂದು ವರ್ಷ ನೋಡಿದೆ, ಎರಡು ವರ್ಷ ನೋಡಿದೆ. ಕೊನೆಗೆ ನಾನೇ ಹೇಳಿದೆ, ಹೋದವರು ಯಾರೂ ಬರುತ್ತಿಲ್ಲ, ಕರಿ ಬಟ್ಟೆ ಉಡು, ಅತ್ತು ಮುಗಿಸು ಎಂದು. ನಾನು ಇರುವುದನ್ನು ಇದ್ದ ಹಾಗೆ ಹೇಳುವವಳು. ಫಿದ್ದಾ ನನ್ನ ಮೇಲೆ ಸಿಟ್ಟಾಗಲಿಲ್ಲ.

"ಅವರು ಬಂದ ತಕ್ಷಣ ಮೊದಲು ಕೇಳೋದು ನಿನ್ನನ್ನೂ ಅಲ್ಲ, ನನ್ನನ್ನೂ ಅಲ್ಲ ಅಮೂನ," ಎಂದಳು. "ನೆಲ ಹೇಗಿದೆ ಅಂತಾರೆ. ನಾನೇನು ಹೇಳಲಿ?"

ಅವಳ ಬದುಕೆಲ್ಲ ಆ ಒಂದು ಪ್ರಶ್ನೆಗೆ ಬಂದು ನಿಂತಿತ್ತು. ಸಂಬಳವಿಲ್ಲ, ಕೇಳುವವರಿಲ್ಲ, ಆದರೂ ಕಾವಲು ಅವಳದೇ. ನೆಲ ಇದ್ದರೆ ಅವನು ಬರುತ್ತಾನೆ ಎಂದು ಎಲ್ಲೋ ಒಳಗೆ ನಂಬಿದ್ದಳೋ ಏನೋ.

ಅಷ್ಟರಲ್ಲಿ ಹಳೆಯ ವಸ್ತು ಕದಿಯಲು ಅಗೆಯುವವರ ಕಾಟ ಶುರುವಾಯಿತು. ಹಗಲೇ ಬಂದು ಪಕ್ಕದೂರಿನ ಹಾಳೂರಿನಲ್ಲಿ ಇಂಥದೇ ನೆಲವನ್ನು ಕತ್ತರಿಸಿ, ಕಂಬಳಿ ಸುತ್ತಿದ ಹಾಗೆ ಸುತ್ತಿ, ಲಾರಿಗೆ ಹಾಕಿಕೊಂಡು ಗಡಿ ದಾಟಿಸಿದರು. ಹೊತ್ತುಕೊಟ್ಟವರು ನಮ್ಮವರೇ, ಸುಳ್ಳು ಯಾಕೆ ಹೇಳಲಿ. ಅದೇ ಸಮಯಕ್ಕೆ ಉಸ್ತಾದ್ ಬಕ್ರಿ ಬಂದರು. ಅಣ್ಣನಿಗೆ ಹಿಂದೆ ಮೇಲಧಿಕಾರಿಯಾಗಿದ್ದವರು, ಪ್ರಾಚೀನ ವಸ್ತುಗಳ ಮೇಷ್ಟ್ರು. ಮೋಟಾರ್ ಸೈಕಲ್ಲಿನ ಹಿಂದೆ ಬಡಗಿಯ ಬಿಳಿ ಅಂಟಿನ ಡಬ್ಬ, ತೆಳು ಬಟ್ಟೆಯ ಥಾನು ಕಟ್ಟಿಕೊಂಡು ಊರೂರು ಸುತ್ತುತ್ತಿದ್ದರು. ನೆಲವನ್ನು ತೊಳೆದು ಒಣಗಿಸಿ, ಅಂಟಿನಿಂದ ಬಟ್ಟೆಯನ್ನು ಕಲ್ಲುಗಳ ಮೈಗೆ ಅಂಟಿಸಿ, ಮೇಲೆ ಮರಳು, ಅದರ ಮೇಲೆ ಮಣ್ಣು ಹಾಕಬೇಕು, ಆಗ ಷೆಲ್ ಬಿದ್ದರೂ ಕಲ್ಲು ಚೆದುರುವುದಿಲ್ಲ ಎಂದರು. ರಂಜಾನಿನ ಮಧ್ಯಾಹ್ನ ಊರೆಲ್ಲ ಹಸಿದು ಮಲಗಿದ್ದಾಗ ನಾವು ಮೂವರೂ ಆ ಕೆಲಸ ಮಾಡಿದೆವು. ಎಲ್ಲ ಮುಗಿದ ಮೇಲೆ ಉಸ್ತಾದರು ಸೊಂಟ ನೆಟ್ಟಗೆ ಮಾಡಿ ನೋಡಿದರು, ಮುಖ ಸಣ್ಣದಾಯಿತು. ಹಾಳೂರಿನ ನಡುವೆ ಅಷ್ಟಗಲ ಹೊಸ ಮಣ್ಣು ಕಂಡರೆ ಕಳ್ಳನನ್ನು ಕೈಹಿಡಿದು ಕರೆತಂದ ಹಾಗೆಯೇ ಅಲ್ಲವೇ.

ಆಗ ಫಿದ್ದಾ ಸುಮ್ಮನೆ ಎದ್ದು, ಮಣ್ಣನ್ನು ಕೈಯಿಂದ ಉದ್ದಕ್ಕೆ ಒತ್ತರಿಸತೊಡಗಿದಳು. ಇಗರ್ಜಿ ಮುಖ ಮಾಡಿದ್ದು ಪೂರ್ವಕ್ಕೆ, ನಮ್ಮ ಗೋರಿಗಳೂ ಪೂರ್ವಪಶ್ಚಿಮವಾಗಿ ಉದ್ದ. ತಲೆಯ ಕಡೆ ಒಂದು ಕಲ್ಲು ನೆಟ್ಟಳು, ಕಾಲ ಕಡೆ ಒಂದು. ಆ ದಿನಗಳಲ್ಲಿ ಹೊಸ ಮಣ್ಣು ಕಂಡರೂ ಯಾರೂ ಪ್ರಶ್ನೆ ಕೇಳದೆ ಹೋಗುತ್ತಿದ್ದದ್ದು ಗೋರಿಯ ಮುಂದೆ ಮಾತ್ರ. ನಮ್ಮ ಕಡೆ ಎಂಥ ಕಳ್ಳನೂ ಗೋರಿ ಅಗೆಯುವುದಿಲ್ಲ. ಉಸ್ತಾದರು ಬೆರಗಾಗಿ ನಿಂತರು, ನಾನಂತೂ ಬಾಯಿಗೆ ತಲೆವಸ್ತ್ರ ಒತ್ತಿಕೊಂಡು ನಕ್ಕೆ.

ಮಾಡಿದ ತಪ್ಪು ಒಂದೇ, ಗೋರಿಯನ್ನು ತೀರ ಚೆನ್ನಾಗಿ ಮಾಡಿದ್ದು. ಫಿದ್ದಾಗೆ ಯಾವ ಕೆಲಸವನ್ನೂ ಅರೆಬರೆ ಮಾಡಿ ಗೊತ್ತಿಲ್ಲ. ಹಬ್ಬದ ದಿನ ಎಲ್ಲ ಗೋರಿಗಳ ಮೇಲೂ ಘಮಘಮಿಸುವ ಆಸ್ ಗಿಡದ ಕೊಂಬೆ ಇಡುವುದು ನಮ್ಮ ವಾಡಿಕೆ. ಇದಕ್ಕೂ ಇಡದಿದ್ದರೆ ಜನರಿಗೆ ಅನುಮಾನ ಬರುತ್ತದೆ ಎಂದು ಇಟ್ಟಳು. ಸುತ್ತ ಸುಣ್ಣ ಬಳಿದಳು. ತಲೆಗೆ ನೆಟ್ಟ ಕಲ್ಲೋ, ಹೂವಿನ ಕೆತ್ತನೆ ಇದ್ದ ಎತ್ತರದ ಕಲ್ಲು, ಯಾವ ಮಂತ್ರಿಗೂ ಅಂಥದು ಸಿಕ್ಕಿರಲಿಕ್ಕಿಲ್ಲ. ದಕ್ಷಿಣದ ಬಯಲಿನಿಂದ ಮನೆ ಬಿಟ್ಟು ಓಡಿಬಂದ ಹೆಂಗಸರು ನಮ್ಮ ಹಾಳೂರಿನಲ್ಲಿ ಗುಡಾರ ಹಾಕಿದ್ದರು. ಕಂಬಗಳ ನಡುವೆ ಒಂಟಿಯಾಗಿ, ಸುಣ್ಣ ಬಳಿದುಕೊಂಡು, ಹೆಸರಿಲ್ಲದೆ ಮಲಗಿರುವವನು ಯಾರೋ ಸಂತ, ವಲಿಯಲ್ಲದೆ ಇನ್ಯಾರು ಎಂದು ಅವರು ತೀರ್ಮಾನಿಸಿಬಿಟ್ಟರು. ಒಬ್ಬಳು ಹಸಿರು ಚಿಂದಿ ಕಟ್ಟಿ ಸೆರೆಯಲ್ಲಿದ್ದ ಮಗನಿಗಾಗಿ ಹರಕೆ ಹೊತ್ತಳು. ಅವಳ ಅದೃಷ್ಟವೋ ನಮ್ಮ ಗ್ರಹಚಾರವೋ, ಆ ಮಗ ಸೆರೆಮನೆಯಿಂದ ನಡೆದುಕೊಂಡು ಬಂದೇಬಿಟ್ಟ.

ಆಮೇಲೆ ಕೇಳಬೇಕೇ. ಬೆಟ್ಟದ ಮೂಲೆಮೂಲೆಯಿಂದ ಹೆಂಗಸರು ಬರತೊಡಗಿದರು. ಎಲ್ಲರದೂ ಒಂದೇ ಬೇಡಿಕೆ: ನನ್ನ ಗಂಡನನ್ನು ಕಳಿಸು, ನನ್ನ ತಮ್ಮನನ್ನು ಕಳಿಸು. ಮಣ್ಣಿಗೆ ಹಣೆ ಹಚ್ಚಿ ಅಳುತ್ತಿದ್ದರು, ಸರಿಯಾಗಿ ನಾಯಿಯ ತಲೆಯ ಮೇಲೆ. ನನಗೆ ಮೊದಮೊದಲು ನಗು ಬರುತ್ತಿತ್ತು, ಆಮೇಲೆ ಬರಲಿಲ್ಲ. ಒಂದು ಸಂಜೆ ಅವರೆಲ್ಲ ಹೋದ ಮೇಲೆ ನೋಡುತ್ತೇನೆ, ಫಿದ್ದಾ ತನ್ನ ತಲೆವಸ್ತ್ರದ ಅಂಚು ಹರಿದು ಕಲ್ಲಿಗೆ ಕಟ್ಟುತ್ತಿದ್ದಾಳೆ. ಅದರೊಳಗೆ ಏನಿದೆ ಎಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ಅವಳೇ. ನಾನು ಆಡು ಹುಡುಕುವವಳ ಹಾಗೆ ಬೇರೆ ಕಡೆ ಹೋದೆ.

ಚಿಂದಿಯ ಸುದ್ದಿ ಗಡ್ಡದವರ ಕಿವಿಗೂ ಬಿತ್ತು. ಆಗ ಬೆಟ್ಟವನ್ನು ಆಳುತ್ತಿದ್ದ ಗುಂಪುಗಳಲ್ಲಿ ಒಂದು ಗುಂಪಿನವರು ಗೋರಿಗೆ ಬೇಡಿಕೊಳ್ಳುವುದು ಧರ್ಮಕ್ಕೆ ವಿರುದ್ಧ ಎಂದು, ಹರಕೆ ಹೊರುವ ಗೋರಿಗಳನ್ನೆಲ್ಲ ಹುಡುಕಿ ಹುಡುಕಿ ನೆಲಸಮ ಮಾಡುತ್ತಿದ್ದರು. ಒಂದು ಬೆಳಿಗ್ಗೆ ಪಿಕಪ್ ಗಾಡಿ ಇಗರ್ಜಿಯ ಮುಂದೆ ನಿಂತಿತು, ಗುದ್ದಲಿ ಪಿಕಾಸಿ ಹಿಡಿದವರು ಇಳಿದರು. ಮುಂದಾಳು ಅಬು ಮಿಖ್ದಾದ್, ನಮ್ಮ ಸೀಮೆಯವನಲ್ಲ. ಕೂಗಾಡುವವನಾಗಿದ್ದರೆ ನಾನೇ ನಾಲ್ಕು ಮಾತು ಬಿಸಾಡುತ್ತಿದ್ದೆ. ಅವನು ತುಂಬ ಮರ್ಯಾದೆಯಿಂದ ಮಾತಾಡಿದ, ಅದಕ್ಕೇ ನಾನು ಫಿದ್ದಾಳ ಹಿಂದೆ ಸರಿದು ನಿಂತೆ. ಅಗೆದರೆ ಮರಳು ಸಿಗುತ್ತದೆ, ಮರಳಿನಡಿ ಬಟ್ಟೆ, ಬಟ್ಟೆಯಡಿ ಇಗರ್ಜಿಯ ನಾಯಿ. ಚಿತ್ರ ಕಂಡರೆ ಅಲ್ಲೇ ಒಡೆಯುತ್ತಾರೆ, ಇಲ್ಲವೇ ಮಾರಿಕೊಳ್ಳುತ್ತಾರೆ.

ಇಲ್ಲಿ ಯಾವ ವಲಿ ಮಲಗಿದ್ದಾನೆ ಎಂದು ಅವನು ಕೇಳಿದ. ವಲಿ ಯಾರೂ ಇಲ್ಲ ಎಂದಳು ಫಿದ್ದಾ. ಹಾಗಿದ್ದರೆ ಒಳಗೆ ಏನಿದೆ ನೋಡೇಬಿಡೋಣ ಎಂದು ಅವನು ಕೈ ಎತ್ತಿದ. ಒಬ್ಬ ಪಿಕಾಸಿ ಮೇಲೆತ್ತಿದ.

"ನನ್ನ ಗಂಡ," ಎಂದಳು ಫಿದ್ದಾ. "ಹಸ್ಸೂನ್. ಇಲ್ಲಿನ ಕಾವಲುಗಾರ. ಷೆಲ್ ಬೀಳ್ತಿತ್ತು, ಕಬರಸ್ತಾನದವರೆಗೆ ಒಯ್ಯೋಕಾಗ್ಲಿಲ್ಲ. ಇಲ್ಲೇ ಇಟ್ವಿ."

ಅವನು ಅವಳ ಬಟ್ಟೆ ನೋಡಿದ. ನೀಲಿ ಹೂವಿನ ಲಂಗ. ಆಮೇಲೆ ನನ್ನ ಕಡೆ ತಿರುಗಿದ. ನಾನು ಯಾರು ಎಂದು ಕೇಳಿದ, ಹಸ್ಸೂನನ ತಂಗಿ ಎಂದೆ.

"ನೀನು ಹೇಳಮ್ಮ. ಇಲ್ಲಿರೋದು ನಿಮ್ಮಣ್ಣನಾ?"

ನಾನು ಜೀವಮಾನದಲ್ಲಿ ಮಾತಿಗೆ ತಡವರಿಸಿದವಳಲ್ಲ. ಅಣ್ಣ ಸತ್ತ ಎಂದು ಎಷ್ಟು ಸಲ, ಎಷ್ಟು ಸಲೀಸಾಗಿ ಅವಳ ಮುಖಕ್ಕೆ ಹೇಳಿದ್ದೆ! ಈಗ ಅದೇ ಮಾತು ಹೇಳುವ ಮೊದಲು ಎತ್ತಿದ ಪಿಕಾಸಿಯನ್ನೇ ನೋಡಿದೆ. ಫಿದ್ದಾ ನನ್ನ ಕಡೆ ನೋಡಲೇ ಇಲ್ಲ.

"ಹೂಂ," ಎಂದೆ. "ನಮ್ಮಣ್ಣ. ಹೋದ."

ಪಿಕಾಸಿ ಕೆಳಗಿಳಿಯಿತು. ಅಬು ಮಿಖ್ದಾದ್ ಚಿಂದಿಗಳನ್ನೆಲ್ಲ ಕೀಳಿಸಿದ, ಕೆತ್ತನೆಯ ಕಲ್ಲು ಉರುಳಿಸಿದ, ಮಣ್ಣಿನ ದಿಬ್ಬವನ್ನು ಗೇಣೆತ್ತರಕ್ಕೆ ಇಳಿಸಿದ. ಸಾಮಾನ್ಯ ಮನುಷ್ಯನ ಗೋರಿ ಎಂದ ಮೇಲೆ ಅದಕ್ಕಿಂತ ಕೆಳಗೆ ಹೋಗಲಿಲ್ಲ. ಆಮೇಲೆ ತನ್ನವರನ್ನು ಸಾಲಾಗಿ ನಿಲ್ಲಿಸಿ ಪ್ರಾರ್ಥನೆ ಮಾಡಿದ, ಹಸ್ಸೂನನ ಪಾಪ ಕ್ಷಮಿಸು, ಅವನ ಗೋರಿಯನ್ನು ಬೆಳಕಾಗಿಸು ಎಂದು. ನಾವಿಬ್ಬರೂ ಅಂಗೈ ಎತ್ತಿ ಆಮೀನ್ ಎನ್ನಬೇಕಾಯಿತು.

ನೆಲ ಉಳಿಯಿತು. ಮನೆಗೆ ಬಂದ ಮೇಲೆ ನಾನು ಅವಳ ಮೇಲೆ ಹರಿಹಾಯ್ದೆ, ನಾಲ್ಕು ಕಲ್ಲು ಉಳಿಸಿಕೊಳ್ಳಲು ನನ್ನ ಬಾಯಿಂದ ನಮ್ಮಣ್ಣನನ್ನು ಸಾಯಿಸಿದೆಯಲ್ಲೇ ಎಂದು. ಫಿದ್ದಾ ಪೆಟ್ಟಿಗೆ ತೆಗೆದು ತಳದಿಂದ ಒಂದು ಕರಿ ಬಟ್ಟೆ ಎಳೆದಳು. ಮಡಿಕೆ ಬಿದ್ದು ಗೆರೆಗೆರೆಯಾಗಿತ್ತು. ಯಾವಾಗಲೋ ಹೊಲಿಸಿಟ್ಟುಕೊಂಡಿದ್ದಾಳೆ, ನನಗೆ ಗೊತ್ತೇ ಇಲ್ಲ.

"ಇಷ್ಟು ವರ್ಷ ನೀನೇ ತಾನೆ ಉಡು ಉಡು ಅಂತಿದ್ದದ್ದು," ಎಂದಳು. "ಈಗ ಊರೇ ಬರುತ್ತೆ. ಕಾಫಿಗೆ ನೀರಿಡು."

ಊರೇ ಬಂತು. ಹತ್ತು ಜನರ ಮುಂದೆ ಸಾವು ಎಂದು ಆಡಿದ ಮೇಲೆ ಸೂತಕದ ಕಾಫಿ ಕಾಯಿಸದೆ ಇರಲಾಗುತ್ತದೆಯೇ. ಸಕ್ಕರೆಯಿಲ್ಲದ ಕಹಿ ಕಾಫಿಯನ್ನು ನಾನು ಬಂದವರಿಗೆಲ್ಲ ಬಗ್ಗಿಸಿಕೊಟ್ಟೆ. ಅವನನ್ನು ಬಸ್ಸಿನಿಂದ ಇಳಿಸಿಕೊಂಡದ್ದು ಎಲ್ಲರಿಗೂ ಗೊತ್ತಿತ್ತು, ಆದರೂ ಗೋರಿಯ ಬಗ್ಗೆ ಕೆದಕದೆ ಅವನ ಒಳ್ಳೆಯತನ ನೆನೆದು ಅತ್ತರು. ಫಿದ್ದಾ ವಿಧವೆಯಾಗಿ ಮನೆಯೊಳಗೆ ಕೂರಬೇಕಾದ ಇದ್ದತ್ತಿನ ತಿಂಗಳುಗಳನ್ನು ಒಂದು ದಿನವೂ ತಪ್ಪಿಸದೆ ಕೂತಳು. ಅದು ಮುಗಿದ ಮೇಲೆ ದಿನಾ ಸಂಜೆ ಹೋಗಿ ಆ ಗೋರಿಯ ಪಕ್ಕ ಕೂರತೊಡಗಿದಳು. ಮಾತೇ ಬಾರದವಳು ಅಲ್ಲಿ ಮಾತಾಡುತ್ತಿದ್ದಳು: ಮಗಳಿಗೆ ಹೆರಿಗೆಯಾಯಿತು, ಬಾವಿಯ ಹಗ್ಗ ಹರಿಯಿತು, ನಿಮ್ಮ ತಂಗಿ ಇವತ್ತು ಮತ್ತೆ ಜಗಳ ತೆಗೆದಳು. ಅದು ಸುಳ್ಳು ಗೋರಿ ಎಂದು ನೆನಪಿದೆಯಲ್ಲ ಎಂದು ಕೇಳಿದೆ. ನೆನಪಿದೆ ಎಂದಳು, ಮತ್ತೆ ಅತ್ತ ತಿರುಗಿದಳು. ಅವಳ ಮುಖದಲ್ಲಿ ಎಷ್ಟೋ ವರ್ಷಗಳ ಮೇಲೆ ನಿದ್ದೆ ಮಾಡಿದವಳ ಕಳೆ ಇತ್ತು.

ನಿದ್ದೆ ಕೆಟ್ಟದ್ದು ನನ್ನದು. ಬಾಯಿಬಿಟ್ಟು ಹೋದ ಎಂದವಳು ನಾನು ತಾನೆ. ಅಂದಿನಿಂದ ಅವನು ಎಲ್ಲೋ ಇದ್ದಾನೆ, ಬಂದು ಬಾಗಿಲಲ್ಲಿ ನಿಂತು ಏನೇ ಅಮೂನ, ನನ್ನನ್ನು ಹೂತುಬಿಟ್ಟೆಯಂತೆ ಎನ್ನುತ್ತಾನೆ ಎಂದು ಕಾಯುವುದು ನನ್ನ ಪಾಲಿಗೆ ಬಂತು. ಮೋಟಾರ್ ಸೈಕಲ್ ಸದ್ದಾದರೆ ಕತ್ತು ಹೊರಳಿಸುತ್ತಿದ್ದೆ. ಆ ಗೋರಿಯ ಮುಂದೆ ಊರೆಲ್ಲ ಸತ್ತವರಿಗಾಗಿ ಓದುವ ಫಾತಿಹಾ ಓದಿತು, ನಾನು ಓದಲಿಲ್ಲ.

ಆಮೇಲೆ ವಿಮಾನಗಳು ಬಂದವು, ನಾವು ಗಡಿಯ ಹತ್ತಿರದ ಗುಡಾರಗಳಿಗೆ ಓಡಿದೆವು. ಫಿದ್ದಾ ಹಾಸಿಗೆಯ ಜೊತೆ ಆ ಹಳೆಯ ಕೆಟಲ್ ತಂದಿದ್ದಳು. ಕೆಸರಿನಲ್ಲಿ ಚಳಿಗಾಲಗಳು ಕಳೆದವು. ಕೊನೆಗೆ ಹಳೆಯ ಆಡಳಿತ ಬಿದ್ದಿತು, ಸೆರೆಮನೆಗಳ ಬಾಗಿಲು ತೆರೆಯಿತು. ನಾವಿಬ್ಬರೂ ಅಣ್ಣನ ಫೋಟೋ ಹಿಡಿದು ರಾಜಧಾನಿಗೆ ಹೋದೆವು. ಕರಿ ಬಟ್ಟೆಯಲ್ಲೇ ಬಂದಳು ಅವಳು. ಹೊರಬಂದ ಗಂಡಸರ ಮುಖಗಳನ್ನು ಒಂದೊಂದಾಗಿ ನೋಡಿದೆವು, ಗೋಡೆಯ ಮೇಲೆ ಗೀಚಿದ ಹೆಸರುಗಳ ಮೇಲೆ ಬೆರಳಾಡಿಸಿದೆವು. ಹಸ್ಸೂನ್ ಎಂಬ ಹೆಸರಿನವರು ಬಹಳ ಜನ ಇದ್ದರು. ನಮ್ಮವನು ಇರಲಿಲ್ಲ. ಸತ್ತ ಎಂದೂ ಯಾರೂ ಹೇಳಲಿಲ್ಲ.

ಊರಿಗೆ ವಾಪಸು ಬಂದರೆ ಮನೆಗೆ ಸೂರಿಲ್ಲ, ಕಿಟಕಿಯ ಚೌಕಟ್ಟೂ ಬಿಡದೆ ಹೊತ್ತೊಯ್ದಿದ್ದರು, ಆಲಿವ್ ಮರಗಳನ್ನು ಸೌದೆಗೆ ಕಡಿದಿದ್ದರು. ಇಗರ್ಜಿಯ ಕಮಾನು ಅರ್ಧ ಉರುಳಿತ್ತು. ಆದರೆ ಗೋರಿ ಇದ್ದ ಹಾಗೇ ಇತ್ತು, ಮೇಲೆ ಹುಲ್ಲು ಬೆಳೆದಿತ್ತು.

ಉಸ್ತಾದ್ ಬಕ್ರಿ ಊರುಗೋಲು ಹಿಡಿದು ಬಂದರು. ಅಂಟಿಸಿದ ಬಟ್ಟೆ ಬಹಳ ವರ್ಷ ಮಣ್ಣಿನಡಿ ಇದ್ದರೆ ತೇವಕ್ಕೆ ಕಲ್ಲು ಕೆಡುತ್ತದೆ, ತೆರೆಯಬೇಕು ಎಂದರು. ಹಬ್ಬ ಕಳೆಯಲಿ ಎಂದಳು ಫಿದ್ದಾ. ಹಬ್ಬ ಕಳೆಯಿತು, ಮಳೆ ನಿಲ್ಲಲಿ ಎಂದಳು. ಮಳೆಯೂ ನಿಂತಿತು. ನನಗೆ ತಡೆಯಲಾಗಲಿಲ್ಲ. ಪ್ರಾಣ ಒತ್ತೆಯಿಟ್ಟು ಕಾಯ್ದ ನೆಲವನ್ನು ಈಗ ನೀನೇ ಕೊಳೆಸುತ್ತೀಯಾ ಎಂದು ಕೇಳಿದೆ.

"ಅದು ತೆಗೆದರೆ ನಾನು ಎಲ್ಲಿ ಹೋಗಿ ಕೂರಲಿ, ಅಮೂನ?" ಎಂದಳು. ತೀರ ಮೆಲ್ಲಗೆ ಹೇಳಿದಳು. ಆಮೇಲೆ ತಾನೇ ಎದ್ದಳು. "ತೆಗೀಲಿ. ಅವರು ಕಾಯ್ದ ನೆಲ ಅದು. ನಾನು ಅಳೋ ಜಾಗ ಅಂತ ಮುಚ್ಚಿಡೋಕಾಗುತ್ತಾ?"

ಕೆಲಸದವರು ಮಣ್ಣು ತೆಗೆದು ಹೊರಗಿನ ಕಲ್ಲುರಾಶಿಯ ಮೇಲೆ ಎಸೆಯಲು ಹೊರಟರು. ಫಿದ್ದಾ ಅಡ್ಡ ನಿಂತು ಬುಟ್ಟಿ ಕಿತ್ತುಕೊಂಡಳು. ಆ ಮಣ್ಣನ್ನು ನಮ್ಮ ಅಂಗಳದ ಅಂಜೂರದ ಮರದ ಕೆಳಗೆ ಒಯ್ದು ಸುರಿದಳು, ಮತ್ತೆ ಬಂದಳು, ಮತ್ತೆ ಒಯ್ದಳು. ಬರಿ ಮಣ್ಣಲ್ಲವೇನೇ, ಅದರಲ್ಲಿ ಏನಿದೆ ಎಂದು ಕೇಳಿದೆ.

"ಅದರ ಮುಂದೆ ನಿಂತು ಅವರ ಹೆಸರು ಹೇಳಿದೀವಿ," ಎಂದಳು. "ನೀನೂ ಹೇಳಿದೀಯ. ಅದನ್ನ ಬೀದಿಗೆ ಬಿಸಾಡಲಾ?"

ನಾನೂ ಒಂದು ಬುಟ್ಟಿ ಎತ್ತಿಕೊಂಡೆ. ಮರದ ಕೆಳಗೆ ಅವಳು ಮಣ್ಣನ್ನು ಪೂರ್ವಪಶ್ಚಿಮವಾಗಿ ಒತ್ತರಿಸಿದಳು, ತಲೆಗೂ ಕಾಲಿಗೂ ಸಣ್ಣ ಕಲ್ಲು ಇಟ್ಟಳು, ಕೂತು ಫಾತಿಹಾ ಓದಿದಳು. ನಾನು ದೂರ ನಿಂತಿದ್ದೆ. ನನ್ನ ಕೈಗೆ ಮಣ್ಣು ಮೆತ್ತಿತ್ತು, ಫಾತಿಹಾ ಮಾತ್ರ ಓದಲಿಲ್ಲ.

ಇಗರ್ಜಿಯಲ್ಲಿ ಉಸ್ತಾದರು ಬಿಸಿನೀರಿನಿಂದ ಅಂಟು ನೆನೆಸಿ ಬಟ್ಟೆ ಎತ್ತಿಸಿದರು. ಒಂದು ಕಲ್ಲೂ ಚೆದುರಿರಲಿಲ್ಲ. ಆದರೆ ಕಲ್ಲಿನ ಮೇಲೆ ಉಳಿದ ಅಂಟು ಒಣಗುತ್ತ ಒಣಗುತ್ತ ಎಲ್ಲವೂ ಬೂದಿ ಬಣ್ಣಕ್ಕೆ ತಿರುಗಿತು, ಮೊಲ ಯಾವುದು ನಾಯಿ ಯಾವುದು ಎಂದೇ ತಿಳಿಯುತ್ತಿರಲಿಲ್ಲ. ಉಸ್ತಾದರು ಅತ್ತುಬಿಟ್ಟರು. ಕೆಲಸದವರನ್ನು ಟೀಗೆ ಕಳಿಸಿ, ನೀರು ಸುರಿದರೆ ಕಲ್ಲು ಸಡಿಲಾಗುತ್ತದೆ, ಇನ್ನು ಮೇಲೆ ಯಾರೂ ಹಾಕಬಾರದು, ಹಸ್ಸೂನನಿಗೂ ಬಡಕೊಂಡಿದ್ದೆ, ಅವನು ಕೇಳುತ್ತಿರಲಿಲ್ಲ ಎಂದರು. ಹಾಗೆಂದು ಕಣ್ಣೊರೆಸಿಕೊಳ್ಳುತ್ತ ತಾವೂ ಹೊರಗೆ ಹೋದರು.

ನಾನು ಮನೆಯಿಂದ ಕೆಟಲ್ ತಂದೆ. ಅಣ್ಣ ನಿಲ್ಲುತ್ತಿದ್ದ ಜಾಗದಲ್ಲೇ ನಿಂತು ನೀರು ಸುರಿದೆ, ಮೆಲ್ಲಗೆ, ಅವನು ಸುರಿಯುತ್ತಿದ್ದ ಹಾಗೆ. ಮೊದಲು ಕೆಂಪು ಪಟ್ಟಿ ಕಂಡಿತು, ಆಮೇಲೆ ಕಿವಿ, ಆಮೇಲೆ ಕಣ್ಣು. ನಾಯಿ ಮೈ ಕೊಡವುತ್ತೆ ಎನ್ನುವ ಅವನ ಮಾತನ್ನು ಹೇಳಬೇಕೆಂದು ಬಾಯಿ ತೆರೆದೆ. ಆಗಲಿಲ್ಲ. ನೀರು ಹರಿದು ಕಲ್ಲಿನ ಸಂದಿಯಲ್ಲಿ ಇಳಿಯಿತು.

ಪಕ್ಕಕ್ಕೆ ನೋಡಿದೆ. ಕರಿ ಬಟ್ಟೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಫಿದ್ದಾ ಒಂದು ಹೆಜ್ಜೆ ಹಿಂದಕ್ಕೆ ಸರಿದು ನಿಂತಿದ್ದಳು.